ಮಿಡಿ ಮಾರ್ಚ್‌ಗೆ, ದುಡ್ಡು ದೀಪಾವಳಿಗೆ

ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ ಅಂದ ಕೂಡಲೇ ಬೆಂಗಳೂರಿನಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. ರೆಸಿಪಿ ಯಾರದು? ಆನ್‌ಲೈನ್‌ನಲ್ಲಿ ಸಿಗುತ್ತಾ? ಇತ್ತೀಚೆಗೆ ಇನ್ನೊಂದು ಸೇರಿಕೊಂಡಿದೆ: ಫಂಡಿಂಗ್ ತಗೊಂಡ್ರಾ? ಹಾಕಿದ ದುಡ್ಡು ಎಷ್ಟು ತಿಂಗಳಿಗೆ ವಾಪಸ್ ಬರುತ್ತದೆ ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ. ನನ್ನ ತಲೆಯಲ್ಲಿ ವರ್ಷವಿಡೀ ಓಡುವುದು ಮಾತ್ರ ಆ ಲೆಕ್ಕವೇ.

ನಾನು ಮೊದಲು ಪೀಣ್ಯದ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಹುಟ್ಟಿದ್ದು ಹೊಸನಗರದ ಕಡೆಯ ಹಳ್ಳಿಯಲ್ಲಿ. ಈಗ ಕತ್ರಿಗುಪ್ಪೆಯಲ್ಲಿ ಬಾಡಿಗೆಗೆ ಹಿಡಿದ ಒಂದು ಹಳೇ ಮನೆಯ ನೆಲಮಹಡಿಯೇ ನಮ್ಮ ಘಟಕ. ನಾಲ್ಕು ಜನ ಹೆಂಗಸರು ಖಾಯಂ ಇದ್ದಾರೆ, ಸೀಸನ್ನಿನಲ್ಲಿ ಇನ್ನೂ ಮೂರ್ನಾಲ್ಕು ಜನ ಬರುತ್ತಾರೆ. ವಿಸಿಟಿಂಗ್ ಕಾರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ‘ಫೌಂಡರ್’ ಅಂತ ಇದೆ. ಅಣ್ಣನ ಮಗಳು ಮಾಡಿಸಿಕೊಟ್ಟಿದ್ದು. “ಪ್ರೊಪ್ರೈಟರ್ ಅಂತ ಹಾಕಿದ್ರೆ ಟೈರ್ ಅಂಗಡಿ ಥರ ಕೇಳ್ಸುತ್ತೆ ಅತ್ತೆ” ಅಂದಳು. ಆಗಲಿ ಬಿಡು ಅಂದೆ. ದಿನದ ಹೆಚ್ಚು ಹೊತ್ತು ಫೌಂಡರ್ ಮಾಡುವ ಕೆಲಸ ಅಂದರೆ ಮುಚ್ಚಳ ಬಾಟಲಿಗೆ ಸರಿ ಕೂರುತ್ತಾ ಅಂತ ತಿರುಗಿಸಿ ನೋಡುವುದು, ಟೆಂಪೋದವನ ಜೊತೆ ಚೌಕಾಸಿ, ಅಂಗಡಿಯವರಿಗೆ “ಸಾರ್, ಹೋದ ತಿಂಗಳ ಬಿಲ್ಲು...” ಅಂತ ಫೋನು.

ಮಿಡಿಯ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಎಲ್ಲಾ ಎಳೆ ಮಾವಿನಕಾಯಿಯೂ ಅಪ್ಪೆಮಿಡಿ ಆಗುವುದಿಲ್ಲ. ಶರಾವತಿ, ಅಘನಾಶಿನಿ, ವರದಾ, ಕುಮುದ್ವತಿ ಹರಿಯುವ ಸೀಮೆಯಲ್ಲಿ, ಹೊಳೆದಂಡೆಯಲ್ಲಿ, ಕಾಡಂಚಿನಲ್ಲಿ ತಾನಾಗಿ ಎದ್ದ ಮಾವಿನ ಮರಗಳ ಮಿಡಿ ಅದು. ಒಳಗಿನ ಗೊರಟು ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ತೊಟ್ಟು ಮುರಿದರೆ ಸೊನೆ ಚಿಮ್ಮಬೇಕು. ಆ ಸೊನೆಯನ್ನು ಅಂಗೈಗೆ ತಿಕ್ಕಿ ಮೂಸಿದರೆ ಮಿಡಿಯ ಗುಣ ಗೊತ್ತಾಗುತ್ತದೆ. ಜೀರಿಗೆಯ ವಾಸನೆ ಬಂದರೆ ಜೀರಿಗೆ ಮಿಡಿ, ಕರ್ಪೂರದ್ದು ಬಂದರೆ ಕರ್ಪೂರ ಮಿಡಿ. ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ ಅಂತ ಊರಿನ, ಮನುಷ್ಯರ ಹೆಸರು ಹೊತ್ತ ಮರಗಳೂ ಇವೆ. ಜಿಐ ಮಾನ್ಯತೆ, ಅಂದರೆ ಇದು ಈ ಸೀಮೆಯದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಗೆಬಗೆಯ ಅಪ್ಪೆ ತಳಿಗಳನ್ನು ಸಂಗ್ರಹಿಸಿ ಕಾಪಾಡುತ್ತಿದ್ದಾರೆ. ಆದರೆ ಮಾರುಕಟ್ಟೆಗೆ ಬರುವ ಮಿಡಿಯಲ್ಲಿ ಬಹಳಷ್ಟು ಈಗಲೂ ಹಳೇ ಕಾಡುಮರಗಳದ್ದೇ. ಅವು ಒಂದು ವರ್ಷ ಕಾಯಿ ಬಿಟ್ಟರೆ ಇನ್ನೊಂದು ವರ್ಷ ಸುಮ್ಮನಿರುತ್ತವೆ. ಹೂ ಬಿಟ್ಟ ಹೊತ್ತಿಗೆ ನಾಲ್ಕು ದಿನ ಮೋಡ ಮುಚ್ಚಿದರೆ ಜಿಗಿಹುಳ ಬಂದು ಅರ್ಧ ಹೂ ಉದುರಿಸಿಬಿಡುತ್ತದೆ.

ಕೊಯ್ಯುವುದೂ ಸುಲಭ ಇಲ್ಲ. ಮರ ದೊಡ್ಡದು, ಮಿಡಿ ಇರುವುದು ರೆಂಬೆಯ ತುದಿಯಲ್ಲಿ. ಕೋಲಿನಿಂದ ಬಡಿದು ಬೀಳಿಸುವ ಹಾಗಿಲ್ಲ. ಮೇಲೆ ಹತ್ತಿದವನು ತೊಟ್ಟು ಸಮೇತ ಬಿಡಿಸಿ, ಚೀಲಕ್ಕೆ ತುಂಬಿ, ಹಗ್ಗದಲ್ಲಿ ನಿಧಾನ ಇಳಿಸಬೇಕು. ಹೀಗೆ ಹತ್ತುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಹತ್ತುವವರಿಗೆ ವಯಸ್ಸಾಗುತ್ತಿದೆ. ಅವಸರಕ್ಕೆ ರೆಂಬೆಯನ್ನೇ ಕಡಿದು ಇಳಿಸುವವರೂ ಇದ್ದಾರೆ. ಅಂಥ ಮಿಡಿ ಎರಡು ರೂಪಾಯಿ ಅಗ್ಗಕ್ಕೆ ಸಿಗುತ್ತದೆ. ನಾನು ಕೊಳ್ಳುವುದಿಲ್ಲ. ಇದರಲ್ಲಿ ದೊಡ್ಡತನ ಏನೂ ಇಲ್ಲ. ರೆಂಬೆ ಕಡಿದ ಮರ ಮುಂದಿನ ಎಷ್ಟೋ ವರ್ಷ ನನಗೆ ಮಿಡಿ ಕೊಡುವುದಿಲ್ಲ, ಅಷ್ಟೇ.

ಕೊಯ್ದ ಮಿಡಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬರುತ್ತದೆ. ಬೆಳಗಿನ ಜಾವ ಹೋಗಿ ಇಳಿಸಿಕೊಂಡರೆ ಅವತ್ತೇ ಉಪ್ಪಿಗೆ ಬೀಳಬೇಕು. ತಡವಾದಷ್ಟೂ ಮಿಡಿ ಬಾಡುತ್ತದೆ, ಸೊನೆ ಆರುತ್ತದೆ. ನಮ್ಮಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಅಕ್ಕ ಇದ್ದಾರೆ. ಮಿಡಿ ನೆಲಕ್ಕೆ ಬಿದ್ದಿತ್ತಾ ಇಲ್ಲವಾ ಅಂತ ಹೆಬ್ಬೆರಳಿನಲ್ಲೇ ಹೇಳುತ್ತಾರೆ. ಪೆಟ್ಟಾದ ಜಾಗ ಕಣ್ಣಿಗೆ ಕಾಣುವುದಿಲ್ಲ, ಒತ್ತಿದರೆ ಒಂಚೂರು ಒಳಗೆ ಹೋಗುತ್ತದೆ. ಒಂದೊಂದನ್ನೇ ತಿರುಗಿಸಿ ಒತ್ತಿ, “ಇದು ಬಿದ್ದ ಮಿಡಿ ಅಮ್ಮಾ” ಅಂತ ಪಕ್ಕದ ಬುಟ್ಟಿಗೆ ಎಸೆಯುತ್ತಾರೆ. ಅಂಥದ್ದು ಒಂದು ಒಳಗೆ ಹೋದರೂ ಸುತ್ತಮುತ್ತಲಿನವು ಮೆತ್ತಗಾಗುತ್ತವೆ. ಬುಟ್ಟಿಗೆ ಬಿದ್ದದ್ದು ದಂಡ ಆಗುವುದಿಲ್ಲ. ಮಧ್ಯಾಹ್ನ ನಮ್ಮೆಲ್ಲರ ಊಟಕ್ಕೆ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತಿಳಿಸಾರು. ಆ ದಿನಗಳಲ್ಲಿ ಊಟ ಆದ ಮೇಲೆ ಘಟಕದಲ್ಲಿ ಯಾರಿಗೂ ಎಚ್ಚರ ಇರುವುದಿಲ್ಲ, ಅರ್ಧ ಗಂಟೆ ಎಲ್ಲರೂ ತೂಕಡಿಸುತ್ತಾರೆ. ನಾನೂ ಏನೂ ಅನ್ನುವುದಿಲ್ಲ.

ಆಮೇಲೆ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ನಮ್ಮ ಅಳತೆ ಕೆಜಿ ಮಿಡಿಗೆ ಸುಮಾರು ಕಾಲು ಕೆಜಿ ಉಪ್ಪು. ಉಪ್ಪು ನೀರೊಡೆದು, ಮಿಡಿ ಸುಕ್ಕಾಗಿ ಸುರುಟಿಕೊಳ್ಳುವವರೆಗೆ ಆಗಾಗ ಅಲುಗಾಡಿಸುತ್ತಿರಬೇಕು. ಅದೇ ಉಪ್ಪುನೀರನ್ನು ಸೋಸಿ, ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಬ್ಯಾಡಗಿ ಮೆಣಸು, ಸಾಸಿವೆ, ಅರಿಶಿನ ರುಬ್ಬಿ ಮತ್ತೆ ಮಿಡಿಗೆ ಸೇರಿಸುವುದು. ಎಣ್ಣೆ ಇಲ್ಲ, ವಿನಿಗರ್ ಇಲ್ಲ. ತಣ್ಣೀರಿನ ಒಂದು ಹನಿ ಸೋಕಿದರೂ ಬೂಷ್ಟು. ಹೀಗೆ ಸೇರಿಸಿದ ಮೇಲೆ ತಿಂಗಳುಗಟ್ಟಲೆ ಮುಟ್ಟುವ ಹಾಗಿಲ್ಲ. ಖಾರ, ಹುಳಿ, ಉಪ್ಪು ಒಂದಕ್ಕೊಂದು ಹೊಂದಿಕೊಂಡು ಮಿಡಿ ಹದಕ್ಕೆ ಬರಬೇಕು. ನಾವು ಬಾಟಲಿಗೆ ತುಂಬಲು ಶುರು ಮಾಡುವುದು ಮಳೆ ಹಿಡಿದ ಮೇಲೆ. ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ, ಈ ಹಬ್ಬದ ಸಾಲೇ ನಮ್ಮ ಮಾರಾಟದ ಕಾಲ.

ಈಗ ಅಕೌಂಟೆಂಟ್ ಕಣ್ಣಿನಿಂದ ನೋಡಿ. ಮಿಡಿಯವರಿಗೆ ಮುಂಗಡ ಕೊಡಬೇಕಾದದ್ದು ಜನವರಿಯಲ್ಲಿ, ಹೂ ಇನ್ನೂ ಕಚ್ಚುವ ಮೊದಲು. ಬಾಕಿ ದುಡ್ಡು ಮಿಡಿ ಬಂದ ದಿನವೇ. ಬ್ಯಾಡಗಿ ಮೆಣಸು ಮಾರುಕಟ್ಟೆಗೆ ಜೋರಾಗಿ ಬರುವುದೂ ಅದೇ ಜನವರಿಯಿಂದ ಏಪ್ರಿಲ್ ನಡುವೆ. ಆಗ ಕೊಂಡರೇ ಬಣ್ಣ, ಬೆಲೆ ಎರಡೂ ಸರಿ. ಬಾಟಲಿಯವನು ಅರ್ಧ ದುಡ್ಡು ಕೈಗೆ ಬರದೆ ಲೋಡ್ ಕಳಿಸುವುದಿಲ್ಲ. ಸೀಸನ್ ಕೂಲಿ ವಾರವಾರ. ಅಂದರೆ ವರ್ಷದ ಖರ್ಚಿನ ಮುಕ್ಕಾಲು ಪಾಲು ಮೂರ್ನಾಲ್ಕು ತಿಂಗಳಲ್ಲಿ ಹೊರಗೆ ಹೋಗುತ್ತದೆ. ಬರುವುದು ಜುಲೈನಿಂದ, ಅದೂ ಹನಿ ಹನಿ. ಮಿಡಿ ಜೊತೆ ನನ್ನ ದುಡ್ಡನ್ನೂ ಉಪ್ಪಿಗೆ ಹಾಕಿ ಇಟ್ಟ ಹಾಗೆ. ಮಧ್ಯೆ ಮುಚ್ಚಳ ತೆಗೆದರೆ ಎರಡೂ ಕೆಡುತ್ತವೆ.

ಈ ಊರಿನಲ್ಲಿ ತಿಂಡಿ ವ್ಯಾಪಾರ ಅಂದರೆ ಎಲ್ಲರೂ ಎರಡು ಹೆಸರು ಹೇಳುತ್ತಾರೆ. ಒಂದು ಎಂಟಿಆರ್. 1924ರಲ್ಲಿ ಶುರುವಾದ ಹೋಟೆಲ್ಲು. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಗೆ ಸರ್ಕಾರ ಮಿತಿ ಹಾಕಿದಾಗ ಹೋಟೆಲ್ ನಡೆಸುವುದೇ ಕಷ್ಟ ಆಯಿತು. ಆಗ ಅವರು ಪುಡಿ, ಮಿಕ್ಸ್ ಪ್ಯಾಕ್ ಮಾಡಿ ಮಾರುವ ದಾರಿ ಹಿಡಿದರು. 2007ರಲ್ಲಿ ಆ ಪ್ಯಾಕೆಟ್ ವ್ಯಾಪಾರವನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ಇನ್ನೊಂದು ಐಡಿ ಫ್ರೆಶ್. 2005ರಲ್ಲಿ ತಿಪ್ಪಸಂದ್ರದ ಪುಟ್ಟ ಜಾಗದಲ್ಲಿ ಇಡ್ಲಿ ದೋಸೆ ಹಿಟ್ಟಿನಿಂದ ಶುರು ಮಾಡಿ ಎಲ್ಲಿಗೋ ಹೋದರು. “ನೀವೂ ಹಾಗೇ ಬೆಳೀಬಹುದಲ್ವಾ?” ಅಂತ ಕೇಳುತ್ತಾರೆ. ಅವರ ಶ್ರಮದ ಬಗ್ಗೆ ನನಗೆ ಗೌರವ ಇದೆ. ಆದರೆ ಹಿಟ್ಟಿನ ಲೆಕ್ಕವೇ ಬೇರೆ. ಅಕ್ಕಿ, ಉದ್ದು ವರ್ಷದ ಯಾವ ದಿನ ಬೇಕಾದರೂ ಸಿಗುತ್ತದೆ. ಇವತ್ತು ರುಬ್ಬಿದ್ದು ಒಂದು ವಾರದೊಳಗೆ ಮಾರಿ ಹೋಗಲೇಬೇಕು. ಒಂದೇ ದುಡ್ಡು ವರ್ಷದಲ್ಲಿ ಎಷ್ಟೋ ಸಲ ತಿರುಗುತ್ತದೆ. ನನ್ನದು ತಿರುಗುವುದು ಒಂದೇ ಸಲ. ಎರಡು ಪಟ್ಟು ಬೆಳೆಯಬೇಕಾದರೆ ನನಗೆ ಮಾರ್ಚ್‌ನಲ್ಲಿ ಎರಡು ಪಟ್ಟು ದುಡ್ಡು ಬೇಕು, ಅದಕ್ಕಿಂತ ಮುಖ್ಯವಾಗಿ ಎರಡು ಪಟ್ಟು ಮಿಡಿ ಬೇಕು. ಮರ ಕೇಳಬೇಕಲ್ಲ.

ನನಗೆ ಹತ್ತಿರ ಅನ್ನಿಸುವುದು ಗಾಂಧಿಬಜಾರಿನ ಸುಬ್ಬಮ್ಮನ ಅಂಗಡಿ. 1948ರಿಂದ ನಡೆಯುತ್ತಿದೆ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಸುಬ್ಬಮ್ಮನವರು ಹಪ್ಪಳ, ಸಂಡಿಗೆ ಮಾಡಿ ಮಾರುತ್ತಾ ಮಾರುತ್ತಾ ಅಂಗಡಿ ಇಟ್ಟರು. ಹಪ್ಪಳ ಸಂಡಿಗೆಯೂ ಬೇಸಗೆಯ ಬಿಸಿಲಿನಲ್ಲೇ ಆಗಬೇಕು, ವರ್ಷವಿಡೀ ಮಾರಬೇಕು. ಆ ಬೇಸಗೆಗೆ ಅವರು ದುಡ್ಡು ಹೇಗೆ ಹೊಂದಿಸುತ್ತಿದ್ದರೋ ಅಂತ ಆ ಅಂಗಡಿಯ ಮುಂದೆ ಹಾದು ಹೋಗುವಾಗೆಲ್ಲ ಯೋಚನೆ ಬರುತ್ತದೆ. ಕೈಯಲ್ಲಿ ಕೋಡುಬಳೆ ಪೊಟ್ಟಣವೂ ಇರುತ್ತದೆ, ಸುಳ್ಳು ಯಾಕೆ ಹೇಳಲಿ.

ನಾನು ಹೊಂದಿಸುವುದು ಹೇಗೆ ಅಂದರೆ ಚಿನ್ನ ಅಡ ಇಟ್ಟು. ಶಿವರಾತ್ರಿ ಹತ್ತಿರ ಬಂತು ಅಂದರೆ ನನ್ನ ಬಳೆ, ಎರಡೆಳೆ ಸರ ಬ್ಯಾಂಕಿಗೆ ಹೋಗುತ್ತವೆ. ದೀಪಾವಳಿ ಹೊತ್ತಿಗೆ ಬಿಡಿಸಿಕೊಂಡು ಬರುತ್ತೇನೆ. ನನಗೆ ಗೊತ್ತಿರುವ ಸಣ್ಣ ಆಹಾರ ಉದ್ದಿಮೆಯ ಹೆಂಗಸರಲ್ಲಿ ಹೆಚ್ಚಿನವರು ಹೀಗೇ ಮಾಡುತ್ತಾರೆ. ಯಾರೂ ಹೇಳಿಕೊಳ್ಳುವುದಿಲ್ಲ. ತೊಂದರೆ ಏನೆಂದರೆ ನಮ್ಮ ಕಡೆ ಮದುವೆಗಳೂ ಏಪ್ರಿಲ್, ಮೇನಲ್ಲೇ. ಒಂದು ಮದುವೆಯಲ್ಲಿ ಚಿಕ್ಕಮ್ಮ ನನ್ನ ಕೈ ಹಿಡಿದು ಮೇಲೆ ಕೆಳಗೆ ನೋಡಿದರು.

“ಎಂತದೇ ಇದು ಮಾರಾಯ್ತಿ, ಕೈ ಬೋಳು! ಬಳೆ ಎಲ್ಲಿ?”

“ಬ್ಯಾಂಕಲ್ಲಿದೆ ಚಿಕ್ಕಮ್ಮ.”

“ಲಾಕರಲ್ಲಾ?”

“ಹೂಂ, ಒಂಥರಾ ಹಾಗೇ.”

ಚಿಕ್ಕಮ್ಮನಿಗೆ ಅರ್ಥ ಆಯಿತು. ತನ್ನದೇ ಎರಡು ಬಳೆ ತೆಗೆದು ನನ್ನ ಕೈಗೆ ತೊಡಿಸಿ, “ಊಟ ಆದ ಮೇಲೆ ಕೊಡು, ಮರೀಬೇಡ” ಅಂದರು.

ಸರ್ಕಾರದ ಯೋಜನೆ ಇಲ್ಲವಾ ಅಂತ ಕೇಳಬಹುದು. ಇದೆ, ಒಳ್ಳೆಯದೇ ಇದೆ. 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳ ಯೋಜನಾ ವೆಚ್ಚಕ್ಕೆ ಶೇ. 35ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ ಸಹಾಯಧನ ಸಿಗುತ್ತದೆ. ಕರ್ನಾಟಕ ಅದಕ್ಕೆ ಇನ್ನೂ ಶೇ. 15 ಸೇರಿಸಿ ಮಿತಿಯನ್ನು 15 ಲಕ್ಷಕ್ಕೆ ಏರಿಸಿತು. ನನ್ನ ಪುಡಿ ಮಾಡುವ ಯಂತ್ರ ಬಂದದ್ದು ಆ ಯೋಜನೆಯ ಸಾಲದಲ್ಲೇ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಇದೆ, ಅಲ್ಲಿ ಸಣ್ಣ ಉದ್ದಿಮೆಯವರಿಗೆ ತರಬೇತಿಯೂ ಕೊಡುತ್ತಾರೆ. ಆದರೆ ಯೋಜನೆ ಬರೆಯುವವರ ಮನಸ್ಸಿನಲ್ಲಿ ಯಾವಾಗಲೂ ಒಂದು ಯಂತ್ರ ಇರುತ್ತದೆ. ಉಪ್ಪಿನಕಾಯಿಗೆ ಯಂತ್ರ ಏನು ಬೇಕು ಹೇಳಿ? ನನಗೆ ಬೇಕಾದದ್ದು ಮಾರ್ಚ್‌ನಲ್ಲಿ ತಗೊಂಡು ನವೆಂಬರ್‌ನಲ್ಲಿ ತೀರಿಸುವ ದುಡ್ಡು. ಅಡಕೆ ಬೆಳೆಗಾರರಿಗೆ ಊರಿನ ಸಹಕಾರಿ ಸಂಘಗಳು ಬೆಳೆ ನೋಡಿಕೊಂಡು ಸಾಲ ಕೊಡುತ್ತವಲ್ಲ, ಹಾಗೆ. ಬ್ಯಾಂಕಿನಲ್ಲಿ ಇದನ್ನು ಹೇಳಿದರೆ, “ಮೇಡಂ, ತಿಂಗಳ ಕಂತು ಶುರುವಾಗೋದು ಮುಂದಿನ ತಿಂಗಳಿಂದ” ಅನ್ನುತ್ತಾರೆ. ಮುಂದಿನ ತಿಂಗಳು ನನ್ನ ಹತ್ತಿರ ಇರುವುದು ಬರೀ ಉಪ್ಪುನೀರು.

ಒಂದು ಬಾಟಲಿಯ ಲೆಕ್ಕ ಬಿಚ್ಚಿಡುತ್ತೇನೆ. ಇದನ್ನು ಯಾಕೆ ಗುಟ್ಟು ಮಾಡುತ್ತಾರೋ ನನಗೆ ಗೊತ್ತಿಲ್ಲ. 400 ಗ್ರಾಂ ಬಾಟಲಿ, ಎಂಆರ್‌ಪಿ 320 ರೂಪಾಯಿ. ಅಂಗಡಿಯವರ ಪಾಲು ಶೇ. 25, ಅಂದರೆ 80 ಹೋಯಿತು. ಉಳಿದ 240ರಲ್ಲಿ ಜಿಎಸ್‌ಟಿ 11ರ ಆಸುಪಾಸು. ಮಿಡಿಗೆ 72. ಮೆಣಸು, ಸಾಸಿವೆ, ಉಪ್ಪು ಎಲ್ಲಾ ಸೇರಿ 26. ಗಾಜಿನ ಬಾಟಲಿ, ಮುಚ್ಚಳ, ಲೇಬಲ್, ರಟ್ಟಿನ ಪೆಟ್ಟಿಗೆ 30. ಕೂಲಿ 36. ಬಾಡಿಗೆ, ಕರೆಂಟು, ಟೆಂಪೋ 28. ಕೂಡಿ ಕಳೆದರೆ 37 ರೂಪಾಯಿ ಉಳಿಯುತ್ತದೆ. ಅದರಲ್ಲಿ ಒಡೆದ ಬಾಟಲಿ, ವಾಪಸ್ ಬಂದ ಮಾಲು, ಚಿನ್ನದ ಸಾಲದ ಬಡ್ಡಿ ಎಲ್ಲಾ ಕಳೆದು ಕೈಗೆ 20 ಬಂದರೆ ಆ ವರ್ಷ ಚೆನ್ನಾಗಿತ್ತು ಅಂತ ಲೆಕ್ಕ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಉಪ್ಪಿನಕಾಯಿಗೆ ಜಿಎಸ್‌ಟಿ ಶೇ. 12 ಇತ್ತು, ಆಮೇಲೆ 5ಕ್ಕೆ ಇಳಿಯಿತು. ಒಳ್ಳೆಯದೇ ಆಯಿತು. ಆದರೆ ಇಳಿದದ್ದು ನವರಾತ್ರಿ ಶುರುವಾದ ದಿನ. ಗೋಡೌನಿನಲ್ಲಿದ್ದ ಅಷ್ಟೂ ಬಾಟಲಿಗೆ ಹೊಸ ಬೆಲೆಯ ಸ್ಟಿಕ್ಕರ್ ಅಂಟಿಸುತ್ತಾ ನಮ್ಮ ಮನೆಯ ಗೊಂಬೆ ಕೂರಿಸುವುದು ಎರಡು ದಿನ ತಡ ಆಯಿತು.

ಗ್ರಾಹಕರಿಗೆ 320 ಜಾಸ್ತಿ ಅನ್ನಿಸುತ್ತದೆ. ಅನ್ನಿಸಲಿ, ತಪ್ಪಿಲ್ಲ. ಅದೇ ಕಪಾಟಿನಲ್ಲಿ ದೊಡ್ಡ ಕಂಪನಿಯ ಮಾವಿನಕಾಯಿ ಉಪ್ಪಿನಕಾಯಿ ಅದರ ಅರ್ಧಕ್ಕೆ ಸಿಗುತ್ತದೆ. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್ ಸಂತೆಗಳಲ್ಲಿ ಮೇಜು ಹಾಕಿಕೊಂಡು ನಿಂತಾಗ ತರಹೇವಾರಿ ಪ್ರಶ್ನೆ ಬರುತ್ತವೆ. ಎಣ್ಣೆ ಎಲ್ಲಿ? ಹೋಳು ಮಾಡಿಲ್ವಾ? ಉಪ್ಪು ಕಡಿಮೆ ಇರೋದು ಇದೆಯಾ? ಈ ಕೊನೆಯದಕ್ಕೆ ಮಾತ್ರ ನಾನು ನಿಧಾನವಾಗಿ ಉತ್ತರ ಹೇಳುತ್ತೇನೆ. ಎಣ್ಣೆಯಿಲ್ಲದ ಉಪ್ಪಿನಕಾಯಿಯನ್ನು ಕೆಡದ ಹಾಗೆ ಕಾಯುವುದು ಉಪ್ಪೇ ಆಗಿದ್ದರೆ ಅದು ಶೇ. 12ಕ್ಕಿಂತ ಕಡಿಮೆ ಇರುವ ಹಾಗಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮವೇ ಇದೆ. ಉಪ್ಪು ಕಡಿಮೆ ಬೇಕಾದವರು ಮಿಡಿ ಅರ್ಧ ಕಚ್ಚಿ, ಇನ್ನರ್ಧವನ್ನು ರಾತ್ರಿಯ ಮೊಸರನ್ನಕ್ಕೆ ಇಟ್ಟುಕೊಂಡರೆ ಆಯಿತು. ನಮ್ಮ ಅಜ್ಜಿ ಹಾಗೇ ಮಾಡುತ್ತಿದ್ದರು.

ಮಲೆನಾಡಿನವರು ಬಂದರೆ ಮಾತೇ ಬೇರೆ. ವಿಜಯನಗರದಿಂದ ಒಬ್ಬರು ಹಿರಿಯರು ಪ್ರತಿ ವರ್ಷ ಬರುತ್ತಾರೆ. ಮುಚ್ಚಳ ತೆಗೆದು ಮೂಸಿ, “ಇದು ಹೊಳೆದಂಡೆ ಮಿಡಿ ಅಲ್ಲ” ಅಂತ ನನಗೇ ಹೇಳುತ್ತಾರೆ. ಬಹಳ ಸಲ ಅವರು ಹೇಳುವುದು ಸರಿ ಇರುತ್ತದೆ. ಹೋದ ವರ್ಷದ ಮಾಲು ಉಳಿದಿದೆಯಾ ಅಂತಲೂ ಕೇಳುತ್ತಾರೆ. ನಮ್ಮ ಕಡೆ ಎರಡು ಮೂರು ವರ್ಷದ ಮಿಡಿಗೆ ಮರ್ಯಾದೆ ಜಾಸ್ತಿ, ನೆಂಟರು ಬಂದಾಗ ಆ ಭರಣಿಯೇ ಹೊರಗೆ ಬರುವುದು. ಇಲ್ಲಿ ನಾನು ಲೇಬಲ್ಲಿನ ಮೇಲೆ 12 ತಿಂಗಳು ಅಂತ ಹಾಕಿದ್ದೇನೆ. ಒಂಬತ್ತು ತಿಂಗಳಾಗುವಾಗ ಮಿಡಿ ಸರಿಯಾಗಿ ಹದಕ್ಕೆ ಬರುತ್ತದೆ. ಅಷ್ಟರಲ್ಲಿ ಅಂಗಡಿಯವರು ‘ಡೇಟ್ ಹತ್ತಿರ ಬಂತು’ ಅಂತ ವಾಪಸ್ ಕಳಿಸುತ್ತಾರೆ. ಆ ವಾಪಸ್ ಬಂದ ಬಾಟಲಿಗಳು ನಮ್ಮ ಮನೆ, ನೆಂಟರ ಮನೆ ಸೇರುತ್ತವೆ. ನಿಜ ಹೇಳಬೇಕೆಂದರೆ ನಾನು ಮಾಡಿದ್ದರಲ್ಲಿ ಒಳ್ಳೆಯದನ್ನು ತಿನ್ನುವವರು ದುಡ್ಡು ಕೊಡದವರೇ.

ಅಂಗಡಿಯವರಿಂದ ದುಡ್ಡು ಬರುವುದು ಇನ್ನೊಂದು ಕಥೆ. ಬಸವನಗುಡಿ, ಮಲ್ಲೇಶ್ವರದ ಹಳೇ ಕಾಂಡಿಮೆಂಟ್ಸ್ ಅಂಗಡಿಗಳವರು ಮಾಲು ಇಳಿಸಿದಾಗಲೇ ಎಣಿಸಿ ಕೊಡುತ್ತಾರೆ, ಮೇಲೆ ಕಾಫಿ ಕುಡಿದು ಹೋಗಮ್ಮ ಅನ್ನುತ್ತಾರೆ. ಸೂಪರ್‌ಮಾರ್ಕೆಟ್‌ಗಳಲ್ಲಿ ಹಾಗಲ್ಲ. ಮಾರಿದ ಮೇಲೆ ಬಿಲ್ಲು, ಬಿಲ್ಲಾದ ಮೇಲೆ ಎರಡು ತಿಂಗಳು, ಆಮೇಲೆ “ಅಕೌಂಟ್ಸ್‌ನವರು ರಜೆ”. ನಾನೂ ಅಕೌಂಟ್ಸ್‌ನವಳೇ, ಆ ರಜೆ ಎಂಥದ್ದು ಅಂತ ಗೊತ್ತು. ಕಾನೂನು ನನ್ನ ಕಡೆಗೇ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉತ್ಪಾದಕರಿಗೆ 45 ದಿನದೊಳಗೆ ದುಡ್ಡು ಕೊಡಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದರು. ಹೊತ್ತಿಗೆ ಸರಿಯಾಗಿ ಕೊಡದ ಬಾಕಿಯನ್ನು, ಕೊಡುವವರೆಗೆ, ಕೊಂಡವರು ಖರ್ಚು ಅಂತ ತೋರಿಸುವ ಹಾಗಿಲ್ಲ. ಇದರಿಂದ ಮಾರ್ಚ್ ಕೊನೆಯ ವಾರದಲ್ಲಿ ಕೆಲವರು ತಾವಾಗಿ ಫೋನ್ ಮಾಡಿ ಬಾಕಿ ಚುಕ್ತಾ ಮಾಡುತ್ತಾರೆ. ನನಗೆ ದುಡ್ಡು ಬೇಕಾದದ್ದೂ ಮಾರ್ಚ್‌ನಲ್ಲೇ, ಹಾಗಾಗಿ ಆ ಕಲಮು ಬರೆದವರಿಗೆ ನಮಸ್ಕಾರ. ಬಡ್ಡಿ ಮಾತ್ರ ಇವತ್ತಿನವರೆಗೆ ಯಾರ ಹತ್ತಿರವೂ ಕೇಳಿಲ್ಲ. ಕೇಳಿದ ಮರುದಿನ ಆರ್ಡರ್ ನಿಲ್ಲುತ್ತದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಒಂದು ಕಂಪನಿಯವರು ಒಮ್ಮೆ ಮಾತಾಡಲು ಕರೆದಿದ್ದರು. ಹುಡುಗ ಬಹಳ ವಿನಯವಾಗಿ ಮಾತಾಡಿದ. ಎಂಆರ್‌ಪಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅವರಿಗೆ ಬೇಕು. ಜಾಹೀರಾತಿನ ದುಡ್ಡು ಬೇರೆ. ವರ್ಷದ ಹನ್ನೆರಡೂ ತಿಂಗಳು ಮಾಲು ಇರಬೇಕು, ರುಚಿ ಒಂದೇ ಥರ ಇರಬೇಕು. “ಆಫ್ ಸೀಸನ್‌ನಲ್ಲಿ ಸಪ್ಲೈ ಹೇಗೆ ಮಾಡ್ತೀರಾ ಮೇಡಂ?” ಅಂದ. ಮಿಡಿಗೆ ಆಫ್ ಸೀಸನ್ ಅಂತ ಇಲ್ಲಪ್ಪ, ಮಾರ್ಚ್‌ನಲ್ಲಿ ಸಿಕ್ಕಷ್ಟೇ ವರ್ಷಕ್ಕೆ ಅಂದೆ. ಬೇರೆ ಕಡೆಯಿಂದ ತರಿಸಬಹುದಲ್ವಾ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಬೇರೆ ಮಾವಿನ ಮಿಡಿ ತರಿಸಿ, ಜೀರಿಗೆ ವಾಸನೆಗೆ ಜೀರಿಗೆಯನ್ನೇ ಹಾಕಿ ಅಪ್ಪೆಮಿಡಿ ಅಂತ ಮಾರುವವರು ಇದ್ದಾರೆ, ಆ ಲೆಕ್ಕದಲ್ಲಿ ಅವನ ಪ್ರಶ್ನೆ ಸರಿಯೇ. ಕೊನೆಗೆ ನಾನು ಅವರಿಗೆ ಕೊಟ್ಟದ್ದು ಪುಡಿ. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಮೂರೇ ಬಗೆ.

ಪುಡಿ ಶುರು ಮಾಡಿದ್ದರಿಂದಲೇ ನಾನು ಇನ್ನೂ ಉಪ್ಪಿನಕಾಯಿ ಮಾಡುತ್ತಿದ್ದೇನೆ. ಕೊತ್ತಂಬರಿ, ಕಡಲೆಬೇಳೆ, ಉದ್ದಿನಬೇಳೆ, ಮೆಂತ್ಯ ತರಗುಪೇಟೆಯಲ್ಲಿ ಯಾವತ್ತು ಹೋದರೂ ಸಿಗುತ್ತವೆ. ಸೋಮವಾರ ಹುರಿದದ್ದು ಶುಕ್ರವಾರಕ್ಕೆ ಅಂಗಡಿಯಲ್ಲಿರುತ್ತದೆ. ಮೆಣಸಿನದ್ದು ಮಾತ್ರ ಪಾಡು. ಬ್ಯಾಡಗಿಯ ಡಬ್ಬಿ, ಕಡ್ಡಿ ಅನ್ನುವ ಎರಡು ಬಗೆಯಲ್ಲೂ ಬಣ್ಣ ಜಾಸ್ತಿ, ಖಾರ ಕಡಿಮೆ. ಅದಕ್ಕೇ ನಮ್ಮ ಪುಡಿಗೆ ಆ ಕೆಂಪು. ಆದರೆ ದರ ಯಾವ ವರ್ಷ ಎಲ್ಲಿ ನಿಲ್ಲುತ್ತದೋ ಹೇಳಲಾಗದು. 2024ರ ಮಾರ್ಚ್‌ನಲ್ಲಿ ಒಂದೇಸಮ ದರ ಬಿದ್ದಾಗ ಬ್ಯಾಡಗಿ ಎಪಿಎಂಸಿಯಲ್ಲಿ ರೈತರು ಸಿಟ್ಟಿಗೆದ್ದು ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದ್ದು ನೆನಪಿರಬಹುದು. ಅದೇ ದರ ಬಿದ್ದದ್ದರಿಂದ ನನಗೆ ಆ ವರ್ಷ ಲಾಭ ಆಯಿತು. ಟಿವಿಯಲ್ಲಿ ಆ ಬೆಂಕಿ ನೋಡುತ್ತಾ ಲಾಭದ ಲೆಕ್ಕ ಬರೆಯುವುದು ಸುಖದ ಕೆಲಸ ಆಗಿರಲಿಲ್ಲ.

ಅದೇ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರೂ ಇರಲಿಲ್ಲ. ಘಟಕದ ಬೋರ್‌ವೆಲ್ ಬತ್ತಿತ್ತು. ಜಿಲ್ಲಾಡಳಿತ 5 ಕಿಲೋಮೀಟರ್ ಒಳಗಾದರೆ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ ಅಂತ ದರ ಗೊತ್ತು ಮಾಡಿತು. ಆ ದರಕ್ಕೆ ಬರುವ ಟ್ಯಾಂಕರ್ ನಮಗೆ ಸಿಗಲಿಲ್ಲ ಅನ್ನುವುದು ಬೇರೆ ಮಾತು. ಮಿಡಿ ತೊಳೆದ ನೀರನ್ನೇ ಹಿಡಿದಿಟ್ಟು ಡ್ರಮ್ಮಿನ ಹೊರಮೈ, ನೆಲ ಒರೆಸಿದೆವು. ಆಗ ಎಲ್ಲರೂ ಹೇಳಿದರು, ಊರಲ್ಲೇ ಘಟಕ ಮಾಡಿದ್ದರೆ ನೀರೂ ಇತ್ತು, ಮಿಡಿಯೂ ಹತ್ತಿರ ಇತ್ತು ಅಂತ. ಮಾತು ಸರಿ. ಆದರೆ ಅಡಕೆ ಸುಲಿಯಲು, ಕೊಯ್ಲಿಗೇ ಊರಲ್ಲಿ ಆಳು ಸಿಗುತ್ತಿಲ್ಲ. ಕೊಳ್ಳುವವರು ಇಲ್ಲಿದ್ದಾರೆ. ಮಗನ ಕಾಲೇಜು ಇಲ್ಲಿದೆ. ಇನ್ನೂ ಒಂದು ಕಾರಣ ಇದೆ, ಅದನ್ನು ನಾನು ಊರಿನವರ ಮುಂದೆ ಹೇಳುವುದಿಲ್ಲ: ಅಲ್ಲಿ ಪ್ರತಿ ಮನೆಯಲ್ಲೂ ಒಂದು ಭರಣಿ ಇದೆ, ಪ್ರತಿಯೊಬ್ಬರೂ ಬಂದು ಮುಚ್ಚಳ ತೆಗೆದು ಸಲಹೆ ಕೊಡುತ್ತಾರೆ.

ಈಗ ಹೊಸ ತಲೆನೋವು ಕಸಿ ಗಿಡಗಳದ್ದು. ನಾನು ಮಿಡಿ ಕೊಳ್ಳುವ ಮನೆಯ ಹುಡುಗ, ಇಂಜಿನಿಯರಿಂಗ್ ಓದಿ ಊರಿಗೆ ವಾಪಸ್ ಬಂದವನು, ಅಡಕೆ ತೋಟದ ಅಂಚಿನಲ್ಲಿ ಜೀರಿಗೆ ಅಪ್ಪೆಯ ಕಸಿ ಹಾಕಿದ್ದಾನೆ. ಗಿಡ ಗಿಡ್ಡ, ನಿಂತು ಕೊಯ್ಯಬಹುದು, ಯಾರೂ ಹತ್ತಬೇಕಾಗಿಲ್ಲ. ಈ ವರ್ಷ ಮೊದಲ ಸಲ ಚೆನ್ನಾಗಿ ಬಿಟ್ಟಿದೆ. ಒಂದು ಡ್ರಮ್ಮಿನಷ್ಟು ತಗೊಂಡು ಕಾಡುಮಿಡಿಯ ಜೊತೆ ಬೆರೆಸದೆ ಬೇರೆಯೇ ಉಪ್ಪಿಗೆ ಹಾಕಿದ್ದೇನೆ. ಸೊನೆಯ ವಾಸನೆ ನನಗೆ ಅದೇ ಅನ್ನಿಸಿತು. ತೀರ್ಥಹಳ್ಳಿ ಅಕ್ಕ ಮೂಸಿ, “ಚೂರು ತೆಳು” ಅಂದರು. ವಿಜಯನಗರದ ಹಿರಿಯರಿಗೆ ಏನೂ ಹೇಳದೆ ಎರಡೂ ಬಾಟಲಿ ಮುಂದಿಟ್ಟು ನೋಡಬೇಕು ಅಂತ ಇದ್ದೇನೆ. ಹುಡುಗ ಮಾತ್ರ ಈಗಲೇ ಹಟ ಹಿಡಿದಿದ್ದಾನೆ, ಮುಂದಿನ ವರ್ಷದಿಂದ ಕಸಿ ಮಿಡಿಗೂ ಕಾಡುಮಿಡಿಗೂ ಒಂದೇ ರೇಟು ಬೇಕಂತೆ. “ಅಕ್ಕ, ತಳಿ ಒಂದೇ ಅಲ್ವಾ?” ಅನ್ನುತ್ತಾನೆ. ಮರ ಹತ್ತುವ ಕೂಲಿ ಉಳೀತಲ್ಲಪ್ಪಾ, ಅದನ್ನಾದರೂ ಬಿಡು ಅಂತ ನಾನು. ಇನ್ನೂ ಇಬ್ಬರೂ ಒಪ್ಪಿಲ್ಲ.